ಬೀಗರ ಮನೆಯ ಪ್ರೋಟಾನ್

ನನ್ನ ಮಗ ರಾಜ್‌ಕುಮಾರನಿಗೆ ಒಂದು ಕಾಯಿಲೆ ಇದೆ. ಹೊಸದಾಗಿ ಏನು ಬಂದರೂ ಅದೇ ಒಳ್ಳೆಯದು ಅಂತ ನಂಬುವ ಕಾಯಿಲೆ. ಬಂಗಾರಪೇಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ, ಗಿರಾಕಿಗಳಿಗೂ ಅದನ್ನೇ ಅಂಟಿಸುತ್ತಾನೆ. ಆ ಭಾನುವಾರ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ನಮ್ಮ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಮೊಬೈಲನ್ನು ನನ್ನ ಮೂಗಿಗೆ ಹಿಡಿದ.

"ಅಪ್ಪಾ, ಪ್ರೋಟಾನ್ ಅಂತ ಬಂದೈತೆ ನೋಡು. ಚೆನ್ನೈನಾಗೆ ಕೊಡ್ತಾರೆ. ತ್ರಿವೇಣಿ ಅಪ್ಪನ ತಾವ ಮಾತಾಡಿವ್ನಿ. ಅವ್ರ ಮನೇಲೇ ಇದ್ಕೊಂಡು ತೋರಿಸ್ಕೋಬೌದು."

ತ್ರಿವೇಣಿ ನನ್ನ ಸೊಸೆ. ಅವಳ ಅಪ್ಪ ಚೆನ್ನೈನ ಪೆರಂಬೂರಿನಲ್ಲಿದ್ದಾರೆ.

"ಓಗಲ್ಲ," ಅಂದೆ.

"ಯಾಕೆ?"

"ಓಗಲ್ಲ ಅಂದ್ರೆ ಓಗಲ್ಲ ಕಣ್ಲಾ."

ಹೋದ ವರ್ಷ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಅಂತ ಆಪರೇಷನ್ ಮಾಡಿ ಆ ಗ್ರಂಥಿಯನ್ನೇ ತೆಗೆದುಹಾಕಿದ್ದರು. ಈಗ ರಕ್ತಪರೀಕ್ಷೆಯಲ್ಲಿ ಮತ್ತೆ ಏನೋ ಏರುತ್ತಿದೆ, ಗ್ರಂಥಿ ಇದ್ದ ಜಾಗಕ್ಕೆ ರೇಡಿಯೇಷನ್ ಕೊಡಬೇಕು ಅಂದಿದ್ದರು. ಅದಕ್ಕೆ ನಾನು ಹೆದರಲಿಲ್ಲ. ಮೈಲಿಗಟ್ಟಲೆ ಆಳದ ಗಣಿಯಲ್ಲಿ, ತಲೆಯ ಮೇಲೆ ಬಂಡೆ ಸಿಡಿಯುವಾಗಲೂ ಕೆಲಸ ಮಾಡಿದವನು ನಾನು. ನಾನು ಹೆದರಿದ್ದು ಬೀಗರ ಮನೆಯ ಸೋಫಾಕ್ಕೆ.

ಆಪರೇಷನ್ ಆದಾಗಿನಿಂದ ನನಗೆ ಉಚ್ಚೆ ನಿಲ್ಲುವುದಿಲ್ಲ. ಕೆಮ್ಮಿದರೆ ಹೋಗುತ್ತದೆ, ನಕ್ಕರೆ ಹೋಗುತ್ತದೆ, ಸುಮ್ಮನೆ ಎದ್ದು ನಿಂತರೂ ಹೋಗುತ್ತದೆ. ನನ್ನ ಹೆಂಡತಿ ಕದಿರಮ್ಮ ಒಂದು ಮಾತೂ ಆಡದೆ ಲುಂಗಿ ಒಗೆದು ಹಿತ್ತಲಿನ ಹಗ್ಗಕ್ಕೆ ಹಾಕುತ್ತಾಳೆ. ಮಗನಿಗೆ ಹೇಳಿರಲಿಲ್ಲ. ಅವನ ಮದುವೆಯಲ್ಲಿ ಹಾರ ಹಾಕಿ, ಮೊದಲ ಪಂಕ್ತಿಯಲ್ಲಿ ಕೂರಿಸಿ ಬಡಿಸಿದವರ ಮನೆಯಲ್ಲಿ ಎರಡು ತಿಂಗಳು ಒದ್ದೆ ಲುಂಗಿಯಲ್ಲಿ ಓಡಾಡುವುದೇ? ಅದಕ್ಕಿಂತ ಕ್ಯಾನ್ಸರೇ ವಾಸಿ ಅನ್ನಿಸಿತ್ತು.

"ಅವ್ರ ಮನೇಲಿ ನಾನು ಎಲ್ಲಿ ಒಗೀಲಿ, ಎಲ್ಲಿ ಒಣಗಾಕ್ಲಿ?" ಅಂತ ಕದಿರಮ್ಮನೂ ಅಡುಗೆಮನೆಯಲ್ಲಿ ನನಗೆ ಮಾತ್ರ ಕೇಳುವಂತೆ ಗೊಣಗಿದಳು.

ಕೊನೆಗೆ ಮಗ ಬೆಂಗಳೂರಿನ ಆಸ್ಪತ್ರೆಯಲ್ಲಿ ರೇಡಿಯೇಷನ್ ಕೊಡುವ ಡಾಕ್ಟರ್ ಸುಮಿತಾ ಅವರ ಎದುರು ಜಗಳ ತೆಗೆದ. ಆಕೆ ತಾಳ್ಮೆಯಿಂದಲೇ ಬಿಡಿಸಿ ಹೇಳಿದರು. ನಮ್ಮಲ್ಲಿ ಕೊಡುವುದು ಫೋಟಾನ್, ಎಕ್ಸ್‌ರೇ ಜಾತಿಯ ಕಿರಣ, ಮೈಯೊಳಗೆ ಹೊಕ್ಕು ಆ ಕಡೆಯಿಂದ ಹೊರಗೂ ಹೋಗುತ್ತದೆ. ಪ್ರೋಟಾನ್ ಹೊಕ್ಕು ಒಂದು ಆಳದಲ್ಲಿ ನಿಂತುಬಿಡುತ್ತದೆ.

"ಹಾಗಾದ್ರೆ ಪ್ರೋಟಾನೇ ಮೇಲು ಅಲ್ವಾ ಮೇಡಂ?"

"ಲೆಕ್ಕದಲ್ಲಿ ಹಾಗೆ ಕಾಣುತ್ತೆ. ಆದರೆ ಆಪರೇಷನ್ ಆದಮೇಲೆ ಇದನ್ನು ತಗೊಂಡವರನ್ನೂ ಅದನ್ನು ತಗೊಂಡವರನ್ನೂ ಹೋಲಿಸಿ ನೋಡಿದಾಗ ಇದುವರೆಗೆ ದೊಡ್ಡ ವ್ಯತ್ಯಾಸ ಕಂಡಿಲ್ಲ. ಇನ್ನೂ ನೋಡ್ತಾ ಇದ್ದಾರೆ. ಇಲ್ಲಿ ಕೊಡೋದೇ ಸರಿಹೋಗುತ್ತೆ ಅಂತ ನನ್ನ ಅಭಿಪ್ರಾಯ. ತೀರ್ಮಾನ ನಿಮ್ಮ ತಂದೆಯವರದ್ದು."

"ಇಲ್ಲೇ ಕೊಡಿ," ಅಂದೆ. ಮಗ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದ.

ಚಿಕಿತ್ಸೆಗೆ ಒಂದೇ ಕಟ್ಟುನಿಟ್ಟು. ಮೂತ್ರಕೋಶ ತುಂಬಿರಬೇಕು. ತುಂಬಿದ್ದರೆ ಅದರ ಹೆಚ್ಚು ಭಾಗ ಮೇಲಕ್ಕೆ ಸರಿದು ಕಿರಣದಿಂದ ತಪ್ಪಿಸಿಕೊಳ್ಳುತ್ತದಂತೆ. ನೀರು ಕುಡಿದು, ತಡೆದುಕೊಂಡು, ಹಾಗೇ ಹೋಗಿ ಮಲಗಬೇಕು. ನಿಲ್ಲದವನಿಗೆ ನಿಲ್ಲಿಸು ಅಂದ ಹಾಗಾಯಿತು. ಆದರೂ ಆಗುತ್ತೆ ಅಂದುಕೊಂಡೆ.

ಮೊದಲ ದಿನ ಬೆಳಗಿನ ರೈಲು ಹಿಡಿದು ಹೋದೆವು. ಆಸ್ಪತ್ರೆಯಲ್ಲಿ ಹೇಳಿದಷ್ಟು ನೀರು ಕುಡಿದೆ, ಹಲ್ಲು ಕಚ್ಚಿ ಕುಳಿತೆ. ಹೆಸರು ಕೂಗಿದರು. ಎದುರಿಗೆ ಕಬ್ಬಿಣದ ದಪ್ಪ ಬಾಗಿಲು. ಅದು ಸರಿದದ್ದೇ ತಡ, ನನ್ನ ಕಾಲು ತಾನಾಗಿ ಪಕ್ಕದ ಶೌಚಾಲಯಕ್ಕೆ ತಿರುಗಿತು. ಪೂರ್ತಿ ಖಾಲಿ ಮಾಡಿ, ಹಗುರಾಗಿ ಬಂದು ನಿಂತೆ.

ಗಣಿಯವರಿಗಷ್ಟೇ ಗೊತ್ತಿರುವ ಅಭ್ಯಾಸ ಅದು. ನಮ್ಮನ್ನು ಗಣಿಯಾಳಕ್ಕೆ ಇಳಿಸುವ ಕೇಜಿನ ಕಬ್ಬಿಣದ ಬಾಗಿಲು ತೆರೆಯುವ ಮೊದಲು ಶಾಫ್ಟಿನ ಹತ್ತಿರದ ಗೋಡೆಗೆ ಸಾಲಾಗಿ ನಿಂತು ಖಾಲಿ ಮಾಡಿಕೊಂಡೇ ನಾವು ಇಳಿಯುತ್ತಿದ್ದದ್ದು. ಖಾಲಿ ಮಾಡದೆ ಇಳಿಯುವವನು ಹೊಸಬ ಅಂತ ನಗುತ್ತಿದ್ದೆವು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಮೈ ಅದನ್ನು ಮರೆತಿರಲಿಲ್ಲ.

ಒಳಗೆ ಸ್ಕ್ಯಾನ್ ನೋಡಿದ ಹುಡುಗಿ, "ಏನೂ ಇಲ್ವಲ್ಲ ತಾತ, ಮತ್ತೆ ಕುಡಿದು ಬನ್ನಿ," ಅಂತ ವಾಪಸ್ ಕಳಿಸಿದಳು.

ಮಗನಿಗೆ ಇಷ್ಟೇ ಸಾಕಾಯಿತು. ರೋಗಿಗಳು ಕಾಯುವ ಹಾಲ್‌ನಲ್ಲಿ ಎಲ್ಲರ ಮುಂದೆ ಎದ್ದು ನಿಂತ. "ನೋಡ್ದಾ? ಮೊದಲ್ನೇ ದಿನಾನೇ ಇಂಗೆ! ಪ್ರೋಟಾನ್‌ನಾಗೆ ಈ ರಗಳೆಯೇ ಇರಲ್ಲ. ನಾಳೆನೇ ಚೆನ್ನೈಗೆ ಓಗಾನ." ಅಲ್ಲೇ ಪೆರಂಬೂರಿಗೆ ಫೋನ್ ಹಚ್ಚಿದ. "ಮಾವ, ರೂಮು ಖಾಲಿ ಮಾಡಿಸಿ, ಅಪ್ಪನ್ನ ಕರ್ಕೊಂಡು ಬತ್ತೀವಿ," ಅನ್ನುತ್ತಿದ್ದ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಅಷ್ಟರಲ್ಲಿ ಡಾಕ್ಟರ್ ಸುಮಿತಾ ಆ ಕಡೆ ಬಂದರು. "ಪ್ರೋಟಾನ್ ಆದರೂ ಸಾಮಾನ್ಯವಾಗಿ ಹೀಗೇ ನೀರು ಕುಡಿಸಿ ಮಲಗಿಸ್ತಾರೆ ರಾಜ್‌ಕುಮಾರ್. ಯಂತ್ರ ಬೇರೆ, ಮೂತ್ರಕೋಶ ಅದೇ."

"ಆದ್ರೂ ಮೇಡಂ, ಅಲ್ಲಿ ಮನೆಯೋರು ನೋಡ್ಕೋತಾರೆ..."

ನನಗೆ ನೆತ್ತಿಗೇರಿತು. ಇವನು ನನ್ನ ಮೇಲಿನ ಪ್ರೀತಿಗೇ ಕುಣಿಯುತ್ತಿದ್ದಾನೆ ಅಂತ ಗೊತ್ತಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು. ಅವನ ಕೈಯಿಂದ ಫೋನ್ ಕಿತ್ತುಕೊಂಡೆ. ಆ ಕಡೆ ಬೀಗರು "ಹಲೋ, ಹಲೋ" ಅನ್ನುತ್ತಲೇ ಇದ್ದರು.

"ಬೀಗರೇ, ಕುಪ್ಪುಸ್ವಾಮಿ ಮಾತಾಡ್ತಿರೋದು. ನಂಗೆ ಉಚ್ಚೆ ನಿಲ್ಲಲ್ಲ. ಆಪರೇಷನ್ ಆದಾಗ್ಲಿಂದ ನಿಲ್ಲಲ್ಲ. ನಿಮ್ಮ ಸೋಫಾ ಒದ್ದೆ ಮಾಡಾಕೆ ನಾನು ಬರಲ್ಲ. ನನ್ನ ಲುಂಗಿ ನನ್ನ ಇತ್ತಿಲಾಗೆ ಒಣಗ್ತದೆ. ದಿನಾ ರೈಲಾಗೆ ಬಂದು ಇಲ್ಲೇ ತೋರಿಸ್ಕೋತೀನಿ. ಇಡ್ತೀನಿ."

ಮೂಲೆಯಲ್ಲಿ ಕುಳಿತಿದ್ದ ಒಬ್ಬ ಮುದುಕ, "ನಂಗೂ ಅಂಗೇ ಕಣಣ್ಣ," ಅಂದ. ಇನ್ನೊಬ್ಬ ತಲೆಯಾಡಿಸಿದ. ನನ್ನ ಮಗ ಫೋನನ್ನು ನನ್ನ ಕೈಯಿಂದ ವಾಪಸ್ ತಗೊಂಡ.

"ಮೊದ್ಲೇ ಯಾಕೆ ಯೋಳಲಿಲ್ಲ ಅಪ್ಪಾ?"

"ನೀನ್ ಯಾವಾಗ ಕೇಳ್ದೆ?"

ಮತ್ತೆ ನೀರು ಕುಡಿದೆ. ಮತ್ತೆ ಬಾಗಿಲು ಸರಿಯಿತು. ಈ ಸಲ ಕಾಲನ್ನು ಗದರಿಸಿ, ನೇರ ಒಳಗೆ ನಡೆದೆ. ಯಂತ್ರ ಸುತ್ತ ತಿರುಗುವಷ್ಟೂ ಹೊತ್ತು ಹಿಡಿದುಕೊಂಡೆ. ಆದರೆ ಮುಗಿಯಿತು ಅಂತ ಎದ್ದು ನಿಂತದ್ದೇ ಎಲ್ಲ ಹೋಯಿತು.

ಒದ್ದೆ ಲುಂಗಿಯಲ್ಲೇ ಹೊರಗೆ ಬಂದೆ. ರಾಜ್‌ಕುಮಾರ ಓಡಿ ಬಂದು ತನ್ನ ಚೀಲದಲ್ಲಿದ್ದ ಟವೆಲ್ ಬಿಚ್ಚಿ ನನ್ನ ಸೊಂಟಕ್ಕೆ ಸುತ್ತಲು ಬಗ್ಗಿದ. ಅವನ ಕಣ್ಣು ತುಂಬಿತ್ತು. ಆ ಟವೆಲನ್ನು ಅವನ ಕೈಯಿಂದ ತಗೊಂಡು ಕೊಡವಿ, ಅವನ ಮದುವೆ ದಿನ ಶಲ್ಯ ಹಾಕಿಕೊಂಡ ಹಾಗೆ ಹೆಗಲಿಗೆ ಹಾಕಿಕೊಂಡೆ.

"ನಡಿ, ರೈಲು ತಪ್ಪೋತದೆ," ಅಂದೆ. ಎಲ್ಲರೂ ನೋಡುತ್ತಿದ್ದರು. ನೋಡಲಿ ಅಂತ ಹಾಲ್‌ನ ನಟ್ಟನಡುವೆಯೇ ನಡೆದೆ.