ಹಡೆದವಳಿಗೇ ಪುರಾವೆ

ನಾನು ಒಂದು ರಬ್ಬರ್ ಸೀಲು. ಮೈಮೇಲೆ ಇರುವುದು ಒಂದೇ ಮಾತು: ‘ತಿರಸ್ಕರಿಸಲಾಗಿದೆ’. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ. ಗದಗಿನ ಪೇಟೆಯಲ್ಲಿ, ಒಂದು ಸೀಲಿನ ಅಂಗಡಿಯಲ್ಲಿ ಹುಟ್ಟಿದೆ. ನನ್ನ ಜೊತೆಗೇ ಹುಟ್ಟಿದವನು ಒಬ್ಬ ಡಾಕ್ಟರ ಮೇಜು ಸೇರಿ ಔಷಧಿ ಚೀಟಿಯ ಮೇಲೆ ಮೂಡುವ ಪುಣ್ಯ ಮಾಡಿದ. ನಾನು ಬಂದು ಬಿದ್ದದ್ದು ಆರೋಗ್ಯ ವಿಮೆಯ ಕಚೇರಿಗೆ.

ಮೊದಲು ನನ್ನನ್ನು ಹಿಡಿದವರು ಕುಬೇರಪ್ಪ. ಬಂದವರನ್ನು ಕೂರಿಸಿ, ಏನು ತಪ್ಪಿದೆಯೆಂದು ಬಿಡಿಸಿ ಹೇಳಿ, ಆಮೇಲೆ ಒಲ್ಲದ ಮನಸ್ಸಿನಿಂದ ಒತ್ತುತ್ತಿದ್ದರು. ಅವರು ನಿವೃತ್ತರಾದ ಮೇಲೆ ಬಸಲಿಂಗಪ್ಪನ ಕೈಗೆ ಸಿಕ್ಕೆ. ಅವನು ಎಲೆ ಅಡಿಕೆ ಜಗಿಯುತ್ತ, ಎದುರಿಗಿದ್ದವರ ಮುಖವನ್ನೂ ನೋಡದೆ ಒತ್ತುವವನು. ಸುಣ್ಣ ಹತ್ತಿದ ಬೆರಳಿನಿಂದಲೇ ನನ್ನನ್ನು ಹಿಡಿಯುತ್ತಿದ್ದ. ಥೂ, ಹೇಸಿಗೆ.

ಅವನ ಮುಂದೆ ಒಂದು ದಿನ ಸುವರ್ಣಾ ಬಂದು ನಿಂತಳು. ನೂಲಿನ ಗಿರಣಿಯಲ್ಲಿ ಕೆಲಸ. ವಿಮೆ ಇದ್ದದ್ದು ಅವಳ ಹೆಸರಿನಲ್ಲಿ. ಮಗಳು ಸೃಷ್ಟಿಯ ಹೃದಯದಲ್ಲಿ ತೂತಿತ್ತು. ನಾಲ್ಕು ಹೆಜ್ಜೆ ನಡೆದರೆ ಮಗುವಿನ ತುಟಿ ನೀಲಿಗಟ್ಟುತ್ತಿತ್ತು. ವಿಮೆಯಲ್ಲಿ ಅದರ ಹೆಸರು ಸೇರಿದರೆ ಮಾತ್ರ ಆಪರೇಷನ್.

“ಜನನ ಪತ್ರದಾಗ ತಾಯಿ ಹೆಸರು ದ್ಯಾಮವ್ವ ಅಂತ ಐತಿ. ನೀವು ಸುವರ್ಣಾ. ಕೂಸು ನಿಮ್ಮದಽ ಅನ್ನೂದಕ್ಕ ಏನು ಪುರಾವೆ?” ಎಂದ ಬಸಲಿಂಗಪ್ಪ.

“ದ್ಯಾಮವ್ವ ತವರಮನಿ ಹೆಸರ್ರೀ. ಲಗ್ನದಾಗ ಅತ್ತಿಮನಿಯವರು ಅಕ್ಕಿಯೊಳಗ ಬರದು ಸುವರ್ಣಾ ಅಂತ ಇಟ್ರು. ಚೊಚ್ಚಲ ಬಾಣಂತನ ತವರಾಗ ಆತು. ದವಾಖಾನ್ಯಾಗ ನಮ್ಮವ್ವ ಹಳೇ ಹೆಸರು ಹೇಳ್ಯಾಳ್ರೀ.”

ಊರಿಗೆಲ್ಲ ಗೊತ್ತಿರುವ ಪದ್ಧತಿ. ಬಸಲಿಂಗಪ್ಪನ ಹೆಂಡತಿಗೂ ಎರಡು ಹೆಸರಿದ್ದವು. ಆದರೂ ನನ್ನನ್ನು ಎತ್ತಿ ಕುಟ್ಟಿದ. ಅವಳು ಅಫಿಡವಿಟ್ ಮಾಡಿಸಿ ತಂದಳು, ಕುಟ್ಟಿದ. ಲಗ್ನಪತ್ರಿಕೆ ತಂದಳು, ಅದರ ಮೇಲೂ ಕುಟ್ಟಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಕುಡಿದ ಶಾಯಿಯೆಲ್ಲ ವಾಂತಿಯಾಗಬೇಕು, ಅಷ್ಟು ಅಸಹ್ಯವಾಯಿತು ನನಗೆ.

ಕಡೆಗೆ ಅವಳು ತನ್ನ ತಾಯಿ ನೀಲವ್ವನನ್ನೇ ಕರೆತಂದಳು. ಮುದುಕಿ ಮೊಮ್ಮಗಳನ್ನು ಸೊಂಟದಿಂದ ಇಳಿಸಿ ಮೇಜಿನ ಮೇಲೆ, ನನ್ನ ಪಕ್ಕದಲ್ಲೇ ಕೂರಿಸಿದಳು. ಮಗು ಏದುಸಿರು ಬಿಡುತ್ತಿತ್ತು.

“ಇಕೀನ ನಾ ಹಡದೀನಿ. ಈ ಕೂಸಿನ್ನ ಇಕಿ ಹಡದಾಳ. ನಾನಽ ಬಾಜೂಕ ನಿಂತಿದ್ದೆ.”

“ನೀ ಹಡದದ್ದಕ್ಕಽ ಏನು ದಾಖಲೆ ಐತಿ, ಅಜ್ಜಿ? ತಂದಿ ಹೆಸರು ಸರಿ ಐತಿ. ತಾಯೀದಽ ತಕರಾರು.” ನನ್ನನ್ನು ಕೈಗೆತ್ತಿಕೊಂಡ.

ನೀಲವ್ವ ಸೆರಗು ಸರಿಮಾಡಿಕೊಂಡಳು. “ತಂದಿ ಇಂವನಽ ಅಂತ ನೀ ಹೆಂಗ ನಂಬಿದೆಪ್ಪಾ? ನನ್ನ ಮಗಳು ಹೇಳ್ಯಾಳ, ನಾ ಬರಸೀನಿ. ಆಕಿ ಮಾತಿನಿಂದ ಒಬ್ಬ ಗಂಡಸು ಅಪ್ಪ ಆದ. ಅದಽ ಮಾತಿನಿಂದ ಆಕಿ ಅವ್ವ ಆಗೂದಿಲ್ಲೇನು?”

ಬಸಲಿಂಗಪ್ಪನ ಜಗಿತ ನಿಂತಿತು. ಒಳಗಿನ ಕೋಣೆಯಿಂದ ಮ್ಯಾನೇಜರ್ ಮೇಡಂ ಎದ್ದು ಬಂದರು. ಯಾರನ್ನೂ ಏನೂ ಕೇಳದೆ, ನಿಂತಲ್ಲೇ ಕಾಗದಕ್ಕೆ ಸಹಿ ಹಾಕಿದರು. ಮಗುವಿನ ಹೆಸರು ಸೇರಿತು.

ಈಗ ನನ್ನ ರಬ್ಬರು ಸವೆದಿದೆ. ಒಣಗಿದ ಪೆನ್ನು, ತುಕ್ಕು ಹಿಡಿದ ಗುಂಡುಪಿನ್ನುಗಳ ಜೊತೆ ಅದೇ ಮೇಜಿನ ಡ್ರಾಯರಿನಲ್ಲಿ ಬಿದ್ದಿದ್ದೇನೆ. ಮೇಲೆ ಹೊಸ ಸೀಲು ಬಂದಿದೆ. ಅದರ ಶಾಯಿ ಅದರೊಳಗೇ ಇದೆಯಂತೆ. ಅದರ ಮೈಮೇಲೂ ಇರುವುದು ಅದೇ ಮಾತು. ತಲೆಯ ಮೇಲೆ ಟಕ್ ಎಂದಾಗಲೆಲ್ಲ, ಈಗ ಯಾವ ತಾಯಿ ನಿಂತಿದ್ದಾಳೋ ಎಂದುಕೊಳ್ಳುತ್ತೇನೆ.