ಸಂಗೀತ ತಗ್ಗಿಸಿದ ಮೇಲೆ

"ಇದು ಯಾರ ಬೆನ್ನು?"

ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕೂತಿದ್ದ ಅಕ್ಕ ಕೇಳಿದಳು. ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಎದುರಿನ ಗೋಡೆಯನ್ನು ಕೇಳಿದಂತಿತ್ತು, ಆ ಗೋಡೆಯನ್ನೂ ಅವಳು ಕಂಡವಳಲ್ಲ. ಹುಟ್ಟಿನಿಂದ ಕಣ್ಣಿಲ್ಲ. ಪಕ್ಕದಲ್ಲಿ ತಮ್ಮ ಟೀ ಲೋಟ ಕೆಳಗಿಟ್ಟ ಸದ್ದಾಯಿತು.

ಗಾಜಿನ ಅಂಗಡಿಯ ಮೇಲಿನ ಒಂದೇ ಕೋಣೆ ಅವರಿಬ್ಬರ ಅನ್ನದ ದಾರಿ. ಕೆಳಗೆ ಗಾಜು ಕೊಯ್ಯುವ ಕಿರ್ರೆಂಬ ಸದ್ದು ಒಳಗೆ ನುಸುಳದಿರಲೆಂದು ಗೋಡೆಗೂ ಕಿಟಕಿಗೂ ದಪ್ಪ ಕಂಬಳಿಗಳನ್ನು ಮೊಳೆ ಹೊಡೆದು ಬಿಗಿದಿದ್ದರು. ಕಂಪನಿಗಳು ಹೆಮ್ಮೆಯಿಂದ ಮಾಡಿಸಿದ ವಿಡಿಯೋಗಳು ಅಲ್ಲಿಗೆ ಬರುತ್ತಿದ್ದವು. ಕಿವಿ ಕೇಳದವರಿಗಾಗಿ ತಮ್ಮನು ಮಾತುಗಳನ್ನೆಲ್ಲ ಅಕ್ಷರ ಮಾಡಿ ತೆರೆಯ ಕೆಳಗೆ ಕೂರಿಸುತ್ತಿದ್ದ. ಕಣ್ಣು ಕಾಣದವರಿಗಾಗಿ, ಮಾತು ನಿಂತ ಸಂದುಗಳಲ್ಲಿ, ತೆರೆಯ ಮೇಲೆ ನಡೆಯುವುದನ್ನು ತನ್ನ ದನಿಯಲ್ಲಿ ಹೇಳುತ್ತಿದ್ದ. ಆ ದನಿಗೆ ಜಾಗ ಬೇಕಲ್ಲ, ಸಂದುಗಳಲ್ಲಿ ಹಿನ್ನೆಲೆ ಸಂಗೀತವನ್ನು ತಗ್ಗಿಸುತ್ತಿದ್ದ. ಕೊನೆಯ ಕೆಲಸ ಅಕ್ಕನದು. ಮೊದಲಿಂದ ಕೊನೆಯವರೆಗೆ ಕೇಳಿ, 'ಕಣ್ಣಿಲ್ಲದ ನನಗೆ ತೆರೆಯ ಮೇಲಿರುವುದೆಲ್ಲ ತಿಳಿದಿದೆ' ಎಂಬ ಪತ್ರಕ್ಕೆ ಸಹಿ ಹಾಕಬೇಕು. ಸಹಿ ಸೊಟ್ಟಗಾಗದಿರಲು ನಡುವೆ ಉದ್ದಕ್ಕೆ ಸೀಳಿದ ರಟ್ಟಿನ ತುಂಡೊಂದನ್ನು ತಮ್ಮನೇ ಮಾಡಿಕೊಟ್ಟಿದ್ದ. ಆ ಪತ್ರವಿಲ್ಲದೆ ಕಂಪನಿಗಳ ದೊಡ್ಡ ಗಿರಾಕಿಗಳು ವಿಡಿಯೋ ಮುಟ್ಟುತ್ತಿರಲಿಲ್ಲ.

ಈ ಸಲದ್ದು ಕಬ್ಬಿಣದ ತಗಡಿನ ಕಾರ್ಖಾನೆಯದು. ಮಾಲೀಕ ಮಾತಾಡಿ ನಿಲ್ಲುತ್ತಾನೆ, ಹಿನ್ನೆಲೆಯ ಡೋಲು ತಗ್ಗುತ್ತದೆ, ತಮ್ಮನ ದನಿ ಬರುತ್ತದೆ: "ಮಾಲೀಕರ ಹಿಂದೆ, ಗಾಜಿನಾಚೆ, ಕೆಲಸಗಾರರು ಹುರುಪಿನಿಂದ ದುಡಿಯುತ್ತಿದ್ದಾರೆ." ಆ ದನಿಯ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಮೊದಲು ಮೂಗಿನಿಂದ ಹೊರಬೀಳುವ 'ಹೂಂ'. ಹಿಂದೆಯೇ ಚಟ್ಟೆಂಬ ಏಟು. ಹೂಂ, ಚಟ್. ಪದ್ಯದ ತಾಳ ಎಣಿಸಿ ಬೆಳೆದವಳು ಅಕ್ಕ. ಬೆರಳು ಮಡಿಸುತ್ತ ಹೋದಳು, ಹನ್ನೊಂದಕ್ಕೆ ನಿಂತಿತು.

ಮರಕ್ಕೆ ಬಿದ್ದ ಏಟು ಬೇರೆ, ಮೂಟೆಗೆ ಬಿದ್ದದ್ದು ಬೇರೆ, ಬರಿಬೆನ್ನಿಗೆ ಬಿದ್ದದ್ದೇ ಬೇರೆ. ಅವಳಿಗೆ ಅದನ್ನು ಕಲಿಸಿದವನು ಅಪ್ಪ. ಅವನು ಪದ್ಯ ಓದಿದರೆ ಜೇನು ಸುರಿದಂತೆ. ಕತ್ತರಿಸಿದ ತೋಳು ಇನ್ನೂ ಬಿಲ್ಲನ್ನು ಹಿಡಿದೇ ಇರುವುದನ್ನು, ಆನೆ ತನ್ನ ಕರುಳನ್ನೇ ತುಳಿದು ಜಾರುವುದನ್ನು ಓದುವಾಗ ಕಣ್ಣಿಲ್ಲದ ಮಗಳು ರಣರಂಗವನ್ನು ಕಾಣುತ್ತಿದ್ದಳು. ಜೊತೆಗೆ ಓದಲು ಕೂತ ಮಗ ಒಂದು ಅಕ್ಷರ ತಪ್ಪಿದರೆ ಸೊಂಟದ ಬೆಲ್ಟು ಬಿಚ್ಚುತ್ತಿದ್ದದ್ದೂ ಅದೇ ಅಪ್ಪ. ಒಮ್ಮೆ ಏಟಿನ ನಡುವೆ ತಮ್ಮ "ಅಕ್ಕಾ" ಎಂದು ಕೂಗಿದ್ದ. ಅವಳು ಆಗ ಅಂದದ್ದು ಇಷ್ಟೇ: "ಆಮೇಲೆ ಯುದ್ಧದಲ್ಲಿ ಏನಾಯ್ತಪ್ಪ?" ಮೂವತ್ತು ವರ್ಷವಾದರೂ ಆ ಮಾತು ಅವಳ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ದಿನಾ ಕೈಮುಗಿಯುವಾಗ ದೇವರಿಗೆ ಮೊದಲು ಒಪ್ಪಿಸುವುದೂ ಅದನ್ನೇ.

"ಏನಿಲ್ಲ ಅಕ್ಕ, ಯಂತ್ರದ ಸದ್ದು" ಎಂದ ತಮ್ಮ.

"ಯಂತ್ರ ಹೊಡೆಯೋಕೆ ಮುಂಚೆ ಹೂಂ ಅನ್ನತ್ತಾ?"

ಅವನು ತಲೆ ತಗ್ಗಿಸಿಕೊಂಡು ಹೇಳತೊಡಗಿದ. ದನಿ ನೆಲದ ಕಡೆಯಿಂದ ಬರುತ್ತಿತ್ತು. ಗಾಜಿನಾಚೆ, ದೂರದ ಮೂಲೆಯಲ್ಲಿ, ದಿಟ್ಟಿಸಿದರಷ್ಟೇ ಕಾಣುವಂತೆ, ಒಬ್ಬನನ್ನು ಕಂಬಕ್ಕೆ ಒತ್ತಿ ಹಿಡಿದಿದ್ದಾರೆ. ಮೇಸ್ತ್ರಿಯ ಕೈಯಲ್ಲಿ ಯಂತ್ರದಿಂದ ಕಳಚಿದ ರಬ್ಬರ್ ಪಟ್ಟಿ. ಮೂರನೆಯ ಏಟಿಗೆ ಅಂಗಿ ಹರಿಯಿತು, ಐದಕ್ಕೆ ಚರ್ಮ. ಎಂಟಕ್ಕೆ ಅವನ ಮಂಡಿ ಮಡಚಿಕೊಂಡಿತು, ಎತ್ತಿ ನಿಲ್ಲಿಸಿ ಹೊಡೆದರು. ಅವನು ಕೂಗಲಿಲ್ಲ, ಕೂಗಲು ಬರದವನು. ಕುಲುಮೆಯ ಮುಂದೆ ಕೆಲಸ ಮಾಡುವ ಅವನಿಗೆ ಕಿವಿಯೂ ಇಲ್ಲ, ಮಾತೂ ಇಲ್ಲ. ವಿಡಿಯೋ ತಂದುಕೊಟ್ಟ ಕಾರ್ಖಾನೆಯ ಹುಡುಗ ಹೇಳಿದ್ದು, ತಗಡು ಹಾಳಾಯಿತೆಂದು ಹೊಡೆದರಂತೆ. ಈಗ ಆಸ್ಪತ್ರೆಯಲ್ಲಿದ್ದಾನೆ, ಏಣಿಯಿಂದ ಬಿದ್ದ ಎಂದು ಬರೆಸಿದ್ದಾರೆ.

"ಇಷ್ಟೇನಾ?"

"ಒಂದು ಕೈ ಬಿಡಿಸ್ಕೊಂಡಿದ್ದ ಅಕ್ಕ. ಎರಡು ಬೆರಳು ಕಣ್ಣಿಗೆ ಇಟ್ಟ, ಆಮೇಲೆ ಕ್ಯಾಮೆರಾ ಕಡೆ ತೋರಿಸ್ದ. ಅವರ ಭಾಷೇಲಿ, ನೋಡಿ ಅಂತ. ನನಗೆ ಅರ್ಥ ಆಯ್ತು. ಅರ್ಥ ಆಗೇ ಹುರುಪಿನಿಂದ ಅಂತ ಬರೆದೆ."

ಅಕ್ಕ ಬೈಯಲಿಲ್ಲ. ಬೈಯುವ ಹಕ್ಕು ತನಗೆಲ್ಲಿದೆ ಎಂದುಕೊಂಡಳು. ಈಗ ಹೇಳಿದ್ದನ್ನೇ ಮೈಕಿನ ಮುಂದೆ ಹೇಳು, ಅವನ ಬೆರಳಿನ ಮಾತನ್ನು ತೆರೆಯ ಕೆಳಗೆ ಬರೆ ಎಂದಳು. ಕಂಪನಿಯವರು ಸುಮ್ಮನೆ ಬಿಡುವುದಿಲ್ಲ ಎಂದು ತಮ್ಮ ಗೊಣಗಿದ. ಆದರೂ ಬರೆದ, ಓದಿದ. ಮೂರು ಸಲ ನಾಲಿಗೆ ತೊದಲಿತು, ನಾಲ್ಕನೆಯ ಸಲ ಸರಿಯಾಯಿತು. ಹೊಸ ವಿಡಿಯೋವನ್ನು ಒಪ್ಪಿಗೆಗೆಂದು ಕಾರ್ಖಾನೆಗೆ ಕಳಿಸಿದ್ದೂ ಅವನೇ.

ಮಧ್ಯಾಹ್ನದ ಊಟದ ಡಬ್ಬಿ ತೆರೆಯುವ ಮೊದಲೇ ಕಾರ್ಖಾನೆಯ ಮ್ಯಾನೇಜರು ಬಂದ. ಮೆಟ್ಟಿಲಲ್ಲಿರುವಾಗಲೇ ಮೂಗಿಗೆ ಬಡಿಯುವಷ್ಟು ಸೆಂಟು ಹಾಕುವವನು. ಅಕ್ಕ ಅವನಿಗಿಟ್ಟ ಹೆಸರು ಸೆಂಟಪ್ಪ. ಅವನ ಹಿಂದೆ ಭಾರದ ಹೆಜ್ಜೆಯ ಇನ್ನೊಬ್ಬ. ಬಾಗಿಲ ಚಿಲಕ ಒಳಗಿನಿಂದ ಬಿತ್ತು.

ಸೆಂಟಪ್ಪನ ಮಾತು ಬೆಣ್ಣೆಯಂತಿತ್ತು. ಎಷ್ಟು ಕಷ್ಟಪಟ್ಟಿದ್ದೀರಿ ಎಂದ. ಡೋಲು ಸ್ವಲ್ಪ ಏರಿಸಿ, ಹಳೆಯ ಸಾಲನ್ನೇ ಹಾಕಿ, ಅಮ್ಮನವರು ಸಹಿ ಮಾಡಿದರೆ ಆಯಿತು ಎಂದ. ಕಣ್ಣಿಲ್ಲದವರಿಗೆ ಬೇಡದ್ದನ್ನೆಲ್ಲ ಯಾಕೆ ತೋರಿಸುವುದು ಎಂದು ತನ್ನ ಮಾತಿಗೆ ತಾನೇ ನಕ್ಕ. ಆಗುವುದಿಲ್ಲ ಎಂದು ತಮ್ಮ ಹೇಳಿದ.

ಮೈಕಿನ ಕಬ್ಬಿಣದ ಸ್ಟ್ಯಾಂಡು ನೆಲದಿಂದ ಎದ್ದ ಸದ್ದು ಅಕ್ಕನಿಗೆ ಕೇಳಿಸಿತು. ಆಮೇಲೆ, ಮೂರಡಿ ದೂರದಲ್ಲಿ, 'ಹೂಂ'.

ಮೇಸ್ತ್ರಿಯೇ ಬಂದಿದ್ದ. ಏಟು ಬಿತ್ತು. ಒಣಕಟ್ಟಿಗೆ ಮುರಿದಂತೆ ತಮ್ಮನ ಮೊಣಕೈ ಮುರಿಯಿತು. ಅವನು ಕುರ್ಚಿಯ ಸಮೇತ ಉರುಳಿದ, ಟೀ ಲೋಟ ಒಡೆಯಿತು. ಹೂಂ. ಎರಡನೆಯದು ಬಾಯಿಗೆ, ಹಲ್ಲೊಂದು ನೆಲದ ಮೇಲೆ ಟಣ್ಣನೆ ಪುಟಿಯಿತು. ತಮ್ಮನ ಚೀತ್ಕಾರವನ್ನು ಕಂಬಳಿಗಳು ನುಂಗಿದವು. ಹೊರಗಿನ ಸದ್ದು ಒಳಗೆ ಬಾರದಂತೆ ಕಟ್ಟಿದ ಕೋಣೆಯಿಂದ ಒಳಗಿನದು ಹೊರಗೆ ಹೇಗೆ ಹೋದೀತು?

"ಅಕ್ಕಾ" ಎಂದ ತಮ್ಮ. ಮೂವತ್ತು ವರ್ಷದ ಹಿಂದಿನ ದನಿ.

ಅಕ್ಕ ಎದ್ದಳು. ಸೆಂಟಪ್ಪ ತೋಳು ಹಿಡಿದ; ಅವನ ಕೈಯನ್ನು ಮೂಳೆಗೆ ಹಲ್ಲು ತಾಗುವವರೆಗೆ ಕಚ್ಚಿದಳು. ಅವನು ಬಿಟ್ಟ. ಗೋಡೆ ಸವರುತ್ತ ಕಿಟಕಿ ಮುಟ್ಟಿ, ಕಂಬಳಿಗೆ ಎರಡೂ ಕೈ ಹಾಕಿ ಮೊಳೆ ಸಮೇತ ಕಿತ್ತಳು. ಉಗುರು ಹಾರಿಹೋಯಿತು. ಚಿಲಕ ಜಗ್ಗಿ ಕಿಟಕಿ ತೆರೆದಳು. ಗಾಜು ಕೊಯ್ಯುವ ಸದ್ದು ಒಮ್ಮೆಲೇ ಒಳಗೆ ನುಗ್ಗಿತು.

ಅವಳು ಕೂಗಲಿಲ್ಲ. ಅಪ್ಪ ಪದ್ಯ ಶುರು ಮಾಡುತ್ತಿದ್ದಂತೆ ಎದೆ ತುಂಬ ಉಸಿರೆಳೆದು, ಒಂದೊಂದು ಅಕ್ಷರವೂ ತಟ್ಟುವಂತೆ ಬೀದಿಗೆ ಹೇಳತೊಡಗಿದಳು. "ಮಹಡಿ ಮೇಲಿನ ಕೋಣೆ. ಬಾಗಿಲು ಒಳಗಿಂದ ಹಾಕಿದೆ. ತಗಡಿನ ಕಾರ್ಖಾನೆ ಮೇಸ್ತ್ರಿ ಕೈಯಲ್ಲಿ ಕಬ್ಬಿಣ ಇದೆ. ನನ್ನ ತಮ್ಮ ನೆಲದ ಮೇಲಿದ್ದಾನೆ. ಕೈ ಮುರಿದಿದೆ, ಹಲ್ಲು ಬಿದ್ದಿದೆ." ಹೂಂ. "ಈಗ ಪಕ್ಕೆಗೆ ಹೊಡೆದ. ಇದು ಮೂರನೇದು. ಮ್ಯಾನೇಜರ್ ನಿಂತು ನೋಡ್ತಿದ್ದಾನೆ."

ಕೆಳಗೆ ಗಾಜು ಕೊಯ್ಯುವುದು ನಿಂತಿತು. ಒಬ್ಬನ ಕೈ ನಿಂತಿತು, ಇನ್ನೊಬ್ಬನದು, ಆಮೇಲೆ ಎಲ್ಲರದೂ. ಬೀದಿಯೆಲ್ಲ ಕಿವಿಯಾದಂತಿತ್ತು. ಅಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಒಂದು ಹೆಜ್ಜೆ ಸದ್ದಾಯಿತು. ಒಂದೇ, ಅನುಮಾನಿಸುತ್ತ.

ಸೆಂಟಪ್ಪನ ಬೆಣ್ಣೆ ಕರಗಿತ್ತು. ಪತ್ರವನ್ನು ಕಿಟಕಿಯ ಹಲಗೆಯ ಮೇಲೆ ಬಡಿದು, ಅದರ ಮೇಲೆ ಸೀಳು ರಟ್ಟನ್ನಿಟ್ಟು, ಅವಳ ರಕ್ತದ ಬೆರಳುಗಳ ನಡುವೆ ಪೆನ್ನು ತುರುಕಿದ. "ಒಂದು ಗೆರೆ ಎಳೀರಿ, ಹೋಗ್ತೀವಿ. ಇಲ್ಲಾಂದ್ರೆ ಜನ ಮೇಲೆ ಬರೋದ್ರೊಳಗೆ ಇವನ ಇನ್ನೊಂದು ಕೈಯೂ ಹೋಗತ್ತೆ."

ಮೇಸ್ತ್ರಿ ಉಸಿರು ಎಳೆದುಕೊಂಡು ಕಾದ. ನೆಲದಿಂದ ತಮ್ಮನ ದನಿ ಗುಳುಗುಳು ಬಂತು, ಬಾಯಿ ತುಂಬ ರಕ್ತ.

"ಅಕ್ಕಾ, ಹಾಕ್ಬಿಡು. ನನ್ನ ಕೈಲಿ ತಡೆಯೋಕಾಗಲ್ಲ."

ಅಕ್ಕ ಪೆನ್ನನ್ನು ಕಿಟಕಿಯಾಚೆ ಬಿಟ್ಟಳು. ಅದು ಕೆಳಗೆ ಗಾಜಿನ ಮೇಲೆ ಬಿದ್ದ ಸದ್ದಾಗುವವರೆಗೆ ಕಾದಳು.

"ಹಾಕಲ್ಲ ತಮ್ಮಾ. ಕೇಳಿಸಿದ್ದನ್ನ ಕೇಳಿಸಲಿಲ್ಲ ಅಂತ ಇನ್ನೊಂದ್ಸಲ ಅನ್ನಲ್ಲ" ಎಂದಳು.