ಕೌದಿಯ ಹೊಟ್ಟೆ

ಪ್ಯಾಂಟಿಗೆ ಎರಡು ಕಾಲು, ಬಳ್ಳಾರಿಗೆ ಒಂದೇ ಕಾಲ, ಅದು ಬೇಸಿಗೆ ಕಾಲ. ಇದು ಆಸಿಂನ ಮಾತು. ಕೌಲ್ ಬಜಾರಿನ ಓಣಿಯೊಂದರಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಮೋಟಾರು ಮಷೀನು ಇಟ್ಟುಕೊಂಡು ಜೀನ್ಸ್ ಪ್ಯಾಂಟುಗಳಿಗೆ ಜೇಬು ಕೂಡಿಸುವುದು ಅವನ ಕಸುಬು. ಬಿ.ಕಾಂ. ಮುಗಿಸಿದ್ದ. "ಡಿಗ್ರಿ ಮಾಡಿ ಜೇಬು ಹೊಲಿಯಾಕ ಕುಂತೀಯಲ್ಲಲೇ" ಎಂದು ಯಾರಾದರೂ ಕೆಣಕಿದರೆ, "ಬಳ್ಳಾರ್ಯಾಗ ಡಿಗ್ರಿಗೇನು ಬರಾನಾ? ಏಪ್ರಿಲ್‌ದಾಗ ಎಲ್ರಿಗೂ ಪುಗಸಟ್ಟೆ ನಲವತ್ತೆರಡು ಕೊಡ್ತಾರ" ಎನ್ನುತ್ತಿದ್ದ.

ಮಾತಿಗಿಂತ ಅವನಿಗೆ ದನಿಗಳ ಚಟ ಹೆಚ್ಚು. ಕತ್ತರಿಸಿದ ಬಟ್ಟೆಯ ಗಂಟು ತಂದು ಹಾಕುವ ಮೇಸ್ತ್ರಿಯ ಕೆಮ್ಮು, ಆಟೊದವರ ಕೂಗು, ಪಕ್ಕದ ಮನೆಯ ಯಂಕಮ್ಮ ಬಾರದ ನಲ್ಲಿ ನೀರಿಗೆ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹಾಕುವ ಶಾಪ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಸ್ವಂತ ದನಿಯೊಂದೇ ಆ ಮನೆಯಲ್ಲಿ ಹೆಚ್ಚಾಗಿ ಇರುತ್ತಿರಲಿಲ್ಲ.

ಆ ಚಟವೇ ಹಿಂದಿನ ಬೇಸಿಗೆಯಲ್ಲಿ ಅಕ್ಕ ಆಯೇಶಾಳನ್ನು ತವರಿನಿಂದ ದೂರ ಮಾಡಿತ್ತು. ಸಿರುಗುಪ್ಪದಲ್ಲಿ ಸೋದರಮಾವನ ಮಗಳ ಮದುವೆ. ಆಯೇಶಾ ಹೊಸ ಮದುಮಗಳ ಹೊಳಪು ಇನ್ನೂ ಆರದ ಮುಖದಲ್ಲಿ ಗಂಡ ಅಜೀಮ್‌ನೊಂದಿಗೆ ಕುರುಗೋಡಿನಿಂದ ಬಂದಿದ್ದಳು. ಅಜೀಮ್‌ನದು ಅಲ್ಲಿ ಪುಟ್ಟ ವೆಲ್ಡಿಂಗ್ ಅಂಗಡಿ. ಕಬ್ಬಿಣವನ್ನು ಕಬ್ಬಿಣಕ್ಕೆ ಅಂಟಿಸುವ ಆ ಮನುಷ್ಯನಿಗೆ ಬಕಾರ ಬಂದರೆ ಮಾತ್ರ ತುಟಿಗೆ ತುಟಿ ಅಂಟಿಕೊಳ್ಳುತ್ತಿತ್ತು. ಊಟದ ಹೊತ್ತಿಗೆ ಆಸಿಂನ ಕೈಗೆ ಯಾರೋ ಮೈಕು ಕೊಟ್ಟರು. ಅವನು ಭಾವನ ಹಾಗೆಯೇ ಕುತ್ತಿಗೆ ಓರೆ ಮಾಡಿ, ಕಣ್ಣು ಮುಚ್ಚಿ, "ಬ… ಬ… ಬಿರಿಯಾನಿ ಬ… ಬಂತು, ಬ… ಬರ್ರಿ!" ಎಂದ.

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಅಜೀಮ್ ಕೂಡ ನಕ್ಕ. ಆಯೇಶಾ ಮಾತ್ರ ಕೈಯಿಟ್ಟ ತಟ್ಟೆ ಬಿಟ್ಟು ಎದ್ದಳು, ಗಂಡನನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿದಳು. ಅಂದಿನಿಂದ ತವರಿನ ಹೊಸ್ತಿಲು ತುಳಿದಿರಲಿಲ್ಲ. ತಾಯಿಯ ಫೋನು ಎತ್ತುತ್ತಿದ್ದಳು, ತಮ್ಮನದಲ್ಲ. ಅಜೀಮ್‌ನ ಫೋನಂತೂ ಎಷ್ಟು ಹೊಡೆದುಕೊಂಡರೂ ತಾನೇ ಸುಸ್ತಾಗಿ ನಿಲ್ಲುತ್ತಿತ್ತು.

ಈ ಬೇಸಿಗೆಗೆ ಆಯೇಶಾ ತುಂಬಿದ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ತಾಯಿ ಮಾಬುಬೀಯ ಹಂಬಲ. ಗಂಡ ಖಾಜಾಮಿಯಾ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಷೀನಿನ ಸದ್ದು, ಮಗನ ಬಾಡಿಗೆ ದನಿಗಳು ಬಿಟ್ಟು ಬೇರೆ ಸದ್ದು ಹುಟ್ಟಿರಲಿಲ್ಲ. ಮಗಳು ಪ್ರತಿ ಸಲವೂ "ನೋಡೂಣಮ್ಮಾ" ಎಂದು ಜಾರಿಕೊಳ್ಳುತ್ತಿದ್ದವಳು, ಕೊನೆಗೊಂದು ದಿನ, "ಬರೋ ಶುಕ್ರವಾರ ಬರ್ತೀನಿ. ಉಳಿಯೋದು, ತಿರುಗಿ ಹೋಗೋದು ಅಲ್ಲಿ ಬಂದ ಮ್ಯಾಲೆ ಹೇಳ್ತೀನಿ" ಎಂದಳು.

ಅಷ್ಟೇ ಸಾಕಾಯಿತು. ಮಾಬುಬೀ ಅಟ್ಟದ ಟ್ರಂಕು ಇಳಿಸಿ ಹಳೆಯ ಬಟ್ಟೆಗಳನ್ನೆಲ್ಲ ಸುರುವಿ ಕೂಸಿಗೆ ಕೌದಿ ಹೊಲಿಯಲು ಕುಳಿತಳು. ಬಿಸಿಲೇರುವ ಮುನ್ನ ಕಟ್ಟೆಯ ಮೇಲೆ, ಏರಿದ ಮೇಲೆ ಒಳಗೆ ಹಸಿ ಗೋಣಿತಟ್ಟು ಕಟ್ಟಿದ ಕಿಟಕಿಯ ಬಳಿ. ಅಂಚಿನಿಂದ ಶುರುವಾದ ಬಿಳಿ ದಾರದ ಸಣ್ಣ ಹೊಲಿಗೆ ಸಾಲು ಸಾಲಾಗಿ ನಡುವಿಗೆ ನಡೆಯುತ್ತಿತ್ತು.

"ಯಂಕಮ್ಮಾ, ನಿಂದೊಂದು ಹಳೆ ಸೀರಿ ಇದ್ರ ಕೊಡಬೇ. ಮೆತ್ತಗಿರಬೇಕು."

"ನನ್ನ ಸೀರಿ ಹಾಕಿದ್ರ ನಿನ್ನ ಮೊಮ್ಮಗ ತೆಲುಗಿನ್ಯಾಗ ಅಳ್ತಾನ ನೋಡು!"

"ಯಾವ್ದರಾಗರ ಅಳಲವ್ವಾ. ನನ್ನ ಮನ್ಯಾಗ ಅತ್ತರ ಸಾಕು."

ಮಷೀನಿನ ಹಿಂದೆ ಕುಳಿತ ಆಸಿಂಗೆ ಆ ಮಾತು ಕೇಳಿಸಿತು. ಅವತ್ತು ಮಧ್ಯಾಹ್ನ ಕರೆಂಟು ಹೋಗಿ ಮಷೀನು ನಿಂತಿತ್ತು. ಬೇಸರದಲ್ಲಿದ್ದ ತಾಯಿಯನ್ನು ನಗಿಸೋಣವೆಂದು ಅಡುಗೆಮನೆಗೆ ಹೋಗಿ, ಬಾಗಿಲ ಮರೆಯಿಂದ, ಅಕ್ಕನ ದನಿಯಲ್ಲಿ ಕರೆದ: "ಅಮ್ಮಾ, ಒಂದು ಗಿಲಾಸ್ ನೀರು ಕೊಡಮ್ಮಾ, ಬಿಸಿಲಾಗ ಬಂದೀನಿ."

"ಬಂದ್ಯಾ ಆಯೇಶಾ!" ಎಂದ ಮಾಬುಬೀ ತೊಡೆಯ ಮೇಲಿನ ಕೌದಿ ಕೆಡವಿ ಎದ್ದುನಿಂತಿದ್ದಳು. ಒಂದು ಕೈ ಗೋಡೆ ಹಿಡಿದಿತ್ತು, ಇನ್ನೊಂದು ಆಗಲೇ ತಲೆಯ ಸೆರಗು ಸರಿಮಾಡುತ್ತಿತ್ತು. ನಗುತ್ತ ಹೊರಬಂದ ಆಸಿಂನನ್ನು ಕಂಡು ಆ ಕೈ ಅಲ್ಲೇ ನಿಂತಿತು. ಬೈಯಲಿಲ್ಲ. ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತು ತಡಕಾಡತೊಡಗಿದಳು.

"ಸೂಜಿ ಬಿತ್ತು. ಹುಡುಕಿ ಕೊಡಪ್ಪ. ಕೂಸಿನ ಕೌದ್ಯಾಗ ಉಳದ್ರ ಚುಚ್ಚತೈತಿ."

ಸೂಜಿ ಸಿಕ್ಕಿತು. ಆಸಿಂ ಆಮೇಲೆ ಯಾರ ದನಿಯನ್ನೂ ತೆಗೆಯಲಿಲ್ಲ. ಮೇಸ್ತ್ರಿ ಬಂದು ಕೆಮ್ಮಿದರೂ ಉತ್ತರಕ್ಕೆ ಕೆಮ್ಮು ಬಾರದ್ದು ಕಂಡು, "ಮೈಯಾಗ ಹುಷಾರಿಲ್ಲೇನಲೇ?" ಎಂದು ವಿಚಾರಿಸಿದ. ಬಾಯಿಂದ ಕೆಟ್ಟದ್ದನ್ನು ಕೈಯಿಂದ ನೆಟ್ಟಗೆ ಮಾಡಬೇಕು ಎಂಬ ಹಟ ಆಸಿಂನ ತಲೆಗೆ ಹೊಕ್ಕಿತ್ತು. ಅಕ್ಕ ಬರಬೇಕು, ಉಳಿಯಬೇಕು. ಅವನು ಮನೆಗೆ ಸುಣ್ಣ ಹೊಡೆದ. ಹಳೇ ಕೂಲರಿಗೆ ಹೊಸ ಹುಲ್ಲು ತುಂಬಿದ. ಇನ್ನೇನು ಮಾಡಲೆಂದು ಮನೆಯೆಲ್ಲ ಸುತ್ತುತ್ತಿದ್ದ.

ಗುರುವಾರ ಸಂಜೆ ಮಾಬುಬೀ ಯಂಕಮ್ಮನನ್ನು ಕರೆದುಕೊಂಡು ನಾಳಿನ ಅಡುಗೆಗೆ ಸಾಮಾನು ತರಲು ಹೋದಳು. ಕೌದಿ ಮಂಚದ ಮೇಲೆ ಹಾಸಿತ್ತು. ಅಕ್ಕನ ಶಾಲೆಯ ನೀಲಿ ಲಂಗ, ಸಿರುಗುಪ್ಪದ ಅಜ್ಜಿಯ ಸೀರೆ, ಯಂಕಮ್ಮನ ಗುಲಾಬಿ ಸೆರಗು. ಎಲ್ಲ ಮುಗಿದಿತ್ತು, ಸರಿಯಾಗಿ ನಡುವೆ ಅಂಗೈಯಗಲದ ಒಂದು ಚೌಕ ಬಿಟ್ಟು. ಅದು ಅಪ್ಪ ಹೆಗಲಿಗೆ ಹಾಕುತ್ತಿದ್ದ ರುಮಾಲಿನ ತುಂಡು. ಮೂರು ಕಡೆ ಹೊಲಿದಿತ್ತು. ನಾಲ್ಕನೆಯ ಕಡೆ ಜೇಬಿನಂತೆ ಬಾಯಿ ತೆರೆದುಕೊಂಡಿತ್ತು. ಪಕ್ಕದಲ್ಲಿ ದಾರ ಪೋಣಿಸದ ಸೂಜಿ.

ಪಾಪ, ಕಣ್ಣು ಸೋತು ಸೂಜಿಗೆ ದಾರ ಹೋಗಿಲ್ಲ ಎಂದುಕೊಂಡ ಆಸಿಂ. ಮನೆಯ ಗಂಡಸರ ಮೈಮೇಲೆ ಕೌದಿ ಬೀಳುತ್ತಿದ್ದುದು ಪೂರ್ತಿಯಾದ ಮೇಲೆಯೇ, ಅದು ಹೇಗೆ ಪೂರ್ತಿಯಾಗುತ್ತದೆಂದು ಅವರಲ್ಲಿ ಯಾರೂ ನೋಡಿದವರಲ್ಲ. ಮೇಲಾಗಿ ಇವನ ಕಸುಬು ಬೇರೆ. ಬಾಯಿ ಬಿಟ್ಟ ಪೀಸನ್ನು ಮೇಸ್ತ್ರಿ ಮುಖದ ಮೇಲೆ ವಾಪಸು ಎಸೆಯುತ್ತಾನೆ, ಹಾಗಾಗಿ ತೆರೆದ ಅಂಚು ಕಂಡರೆ ಆಸಿಂನ ಕಾಲು ತಾನಾಗಿಯೇ ಪೆಡಲಿಗೆ ಹೋಗುತ್ತದೆ. ಮಷೀನಿನಲ್ಲಿ ಜೀನ್ಸಿನ ದಪ್ಪ ಸೂಜಿ ಇತ್ತು, ಕಿತ್ತಳೆ ಬಣ್ಣದ ದಾರವಿತ್ತು. ಚೌಕದ ನಾಲ್ಕೂ ಕಡೆ ಜೋಡಿ ಹೊಲಿಗೆ ಓಡಿಸಿದ, ಮೂಲೆಗಳಲ್ಲಿ ಹಿಂದೆ ಮುಂದೆ ಮಾಡಿ ಗಟ್ಟಿ ಮಾಡಿದ. ಲೋಟದಲ್ಲಿದ್ದ ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು. ತುಂಬಾ ದಿನದ ಮೇಲೆ ಸಿಳ್ಳೆ ಹಾಕಿದ.

"ಅಮ್ಮಾ, ನೋಡಿಲ್ಲಿ! ಇನ್ನ ಕೂಸಲ್ಲ, ಆನಿ ಒದ್ದರೂ ಬಿಚ್ಚಂಗಿಲ್ಲ."

ಮಾಬುಬೀ ಚೀಲ ಕೆಳಗಿಟ್ಟಳು. ಬಗ್ಗಿ, ಕಿತ್ತಳೆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಒಂದು ಕಡೆ, ಇನ್ನೊಂದು ಕಡೆ, ಮತ್ತೊಂದು ಕಡೆ. ನಾಲ್ಕನೆಯ ಕಡೆ ಬಂದಾಗ ಮಂಚದ ಮೇಲೆ ಕುಳಿತುಬಿಟ್ಟಳು.

"ಹೊಟ್ಟಿ ಮುಚ್ಚಿಬಿಟ್ಟ್ಯಾ?"

"ಏನ್ ಹೊಟ್ಟಿ?"

ಹೇಳಿದ್ದು ಯಂಕಮ್ಮ. "ಕೌದಿ ನಡುವಿಂದು ಹೊಟ್ಟಿ ಅಲ್ಲೇನಪ್ಪ. ನಿಮ್ಮಮ್ಮ ಬೇಕಂತ ಬಿಟ್ಟಿದ್ಲು. ಬಸುರಿ ಬರಬೇಕು, ಸಕ್ರಿ ರೊಟ್ಟಿ ಚೂರು ತನ್ನ ಕೈಯಾರೆ ಅದ್ರಾಗ ಇಡಬೇಕು, ತಾನಾ ಹೊಲೀಬೇಕು. ಆಗ ಕೌದಿಗೆ ಹೊಟ್ಟಿ ತುಂಬಿತು, ಕೂಸಿಗೆ ಹಸಿವಿಲ್ಲ ಅಂತ. ತೆರೆದಿಟ್ಟರ, ನಾವು ನಿನ್ನ ದಾರಿ ಕಾಯ್ತೀವಿ ಬಾ ಅಂತ. ನಿಮ್ಮ ಸಿರುಗುಪ್ಪದಾಗ ನಿಮ್ಮಮ್ಮಂದೂ ಹಿಂಗಾ ಬಿಟ್ಟಿದ್ರಂತ, ನೀವು ಹುಟ್ಟೋವಾಗ."

"ಮುಚ್ಚಿದ್ರ?"

ಯಂಕಮ್ಮ ತನ್ನ ಚೀಲ ಎತ್ತಿಕೊಂಡು ಹೊಸ್ತಿಲು ದಾಟಿದಳು. ಆಸಿಂ ಬ್ಲೇಡು ತಂದು ಮೂಲೆಯ ಹೊಲಿಗೆ ಬಿಚ್ಚಲು ಕುಳಿತ. ದಪ್ಪ ದಾರ ಬರಲಿಲ್ಲ. ಎಳೆದ. ದಾರದ ಜೊತೆಗೆ ರುಮಾಲಿನ ಹಳೆಯ ನೂಲೂ ಪರ್ ಎಂದು ಕಿತ್ತುಬಂತು.

"ಬಿಡು," ಎಂದಳು ಮಾಬುಬೀ. "ನಿಮ್ಮಪ್ಪಂದು ಅದೊಂದಾ ಉಳಿದಿದ್ದು." ಕಿತ್ತುಬಂದ ನೂಲನ್ನು ಬೆರಳಿಂದ ಒಳಗೆ ಸರಿಸುತ್ತ, ಮಗನ ಕಡೆ ನೋಡದೆ ಹೇಳಿದಳು: "ಬಾಯಿ ಹೊಲಿಯೋದಿದ್ರ ಆವತ್ತು ಮದುವ್ಯಾಗ ಹೊಲೀಬೇಕಾಗಿತ್ತು ಮಗನಾ. ಇವತ್ತಲ್ಲ."

ಆಯೇಶಾ ಶುಕ್ರವಾರ ಉರಿಬಿಸಿಲಲ್ಲೇ ಬಂದಳು. ಮುಖ ಕೆಂಪಾಗಿ, ಸೊಂಟಕ್ಕೆ ಕೈಕೊಟ್ಟು ಆಟೊದಿಂದ ಇಳಿದಳು. ಆಸಿಂ ಚೀಲಕ್ಕೆ ಕೈಚಾಚಿದ. ಒಂದು ಗಳಿಗೆ ಅನುಮಾನಿಸಿ ಕೊಟ್ಟಳು. ಕೂಲರಿನ ಮುಂದೆ ಕುಳಿತು, ಮಜ್ಜಿಗೆ ಕುಡಿದು, ಸುಣ್ಣದ ಗೋಡೆ ನೋಡಿ, "ಮನಿ ತೊಳೆದಂಗ ಆಗೈತಲ್ಲ" ಎಂದಳು. ಆ ಮಾತು ಗೋಡೆಗೆ ಹೇಳಿದರೂ ಸುಣ್ಣ ಹೊಡೆದವನಿಗೆ ತಂಪಾಯಿತು. ಮಾಬುಬೀ ಬೆಳಿಗ್ಗೆಯೇ ಮನಸ್ಸು ತಡೆಯದೆ ಸಕ್ಕರೆ ರೊಟ್ಟಿ ತಟ್ಟಿದ್ದಳು. ಅದು ತಟ್ಟೆಯಲ್ಲಿ ಮುಚ್ಚಿತ್ತು.

"ಕೌದಿ ಎಲ್ಲೈತಮ್ಮಾ?" ಆಯೇಶಾ ತಾನಾಗಿಯೇ ಕೇಳಿದಳು. ಚೀಲದಿಂದ ಸೂಜಿ ಚುಚ್ಚಿದ ದಾರದುಂಡೆ ತೆಗೆದಳು, ಹಸಿರು ದಾರ. ಮನೆಯಿಂದಲೇ ತಂದಿದ್ದಳು.

ತಾಯಿ ಕೌದಿ ತಂದು ತೊಡೆಯ ಮೇಲಿಟ್ಟಳು. "ಅಯ್ಯ, ನನ್ನ ಸಾಲಿ ಲಂಗ! ಇದು ಅಜ್ಜೀದಲ್ಲಾ?" ಎನ್ನುತ್ತ ಆಯೇಶಾಳ ಬೆರಳು ನಡುವಿಗೆ ಬಂತು. ಅಲ್ಲೇ ನಿಂತಿತು. ಕಿತ್ತಳೆ ದಾರವನ್ನು ಉಗುರಿನಿಂದ ಕೆದರಿದಳು.

"ಮುಗಿಸಿಬಿಟ್ಟೀರಿ."

"ಅಮ್ಮ ಅಲ್ಲ ಆಪಾ, ನಾನು. ನನಗ ಗೊತ್ತಿರಲಿಲ್ಲ. ಅಮ್ಮಗ ಕಣ್ಣು ಕಾಣ್ಸವಲ್ದು ಅಂತ ತಿಳಕೊಂಡು… ನಿನಗ ಖುಷಿ ಆಗಲಿ ಅಂತ…"

ಆಯೇಶಾ ಸೂಜಿಯನ್ನು ದಾರದುಂಡೆಗೆ ಮತ್ತೆ ಚುಚ್ಚಿಟ್ಟಳು. ಅವಳಿಗೆ ಸಿಟ್ಟು ಬಂದಿದ್ದರೆ ಆಸಿಂಗೆ ಹಗುರಾಗುತ್ತಿತ್ತು.

"ನೀನು ಬೇಕಂತ ಮಾಡಿಲ್ಲ. ನನಗ ಗೊತ್ತೈತಿ. ಆವತ್ತೂ ಬೇಕಂತ ಮಾಡಿರಲಿಲ್ಲ. ಬೇಕಂತ ಮಾಡೋರನ್ನ ತಡೀಬೌದಲೇ. ನಿನ್ನ ಹೆಂಗ ತಡೀಲಿ?"

"ಆಪಾ, ಇನ್ನ ಮ್ಯಾಲೆ ನಾನು ಯಾರ ದನೀನೂ…"

"ಆವತ್ತು ಅವರೂ ನಕ್ಕರು, ನೋಡಿದ್ಯಲ್ಲ. ಮನಿಗೆ ಬಂದ ಮ್ಯಾಲೆ ಮಾತಾ ನಿಲ್ಲಿಸಿದ್ರು. ಅಂಗಡಿಗೆ ಗಿರಾಕಿ ಬಂದ್ರ ಕೈಸನ್ನಿ. ಫೋನ್ ಬಂದ್ರ ನನ್ನ ಕೈಗೆ ಕೊಡ್ತಾರ. ನನ್ನ ಕೂಡ ಅಷ್ಟಾ ಮಾತು, ಅದೂ ದೀಪ ಆರಿಸಿದ ಮ್ಯಾಲೆ." ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಕೂಸು ಹುಟ್ಟಿದ ಕೂಡ್ಲೆ ಅಪ್ಪ ಆದವನು ಅದರ ಕಿವ್ಯಾಗ ಅಜಾನ್ ಹೇಳಬೇಕು. ಇಲ್ಲಿ ಹುಟ್ಟಿದ್ರ, ಈ ಮನ್ಯಾಗ, ನಿನ್ನ ಮುಂದ, ಅವರು ಬಾಯಿ ತೆಗೀತಾರೇನು? ಅದನ್ನ ನೋಡಾಕ ಬಂದಿದ್ದೆ. ನೀನು ಬದಲಾಗಿದ್ರ ಉಳೀತೀನಿ ಅಂದ್ಕೊಂಡಾ ಬಂದಿದ್ದೆ."

"ಬದಲಾಗೀನಿ ಆಪಾ."

"ಬಾಯಿ ಬದಲಾಗೈತಿ. ಕೈ ಇನ್ನಾ ಹಂಗಾ ಐತಿ. ಕೇಳಂಗಿಲ್ಲ, ಮಾಡಿಬಿಡ್ತೈತಿ."

ಮಾಬುಬೀ ಮಗಳ ಮೊಣಕಾಲು ಹಿಡಿದು ಬೇಡಿಕೊಂಡಳು. ಆಯೇಶಾ ತಾಯಿಯ ಕೈಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು, ಒಳಗೆ ಒದೆಯುವುದು ತಿಳಿಯುವವರೆಗೆ ಬಿಡಲಿಲ್ಲ. "ನೀನಾ ಕುರುಗೋಡಿಗೆ ಬಾರಮ್ಮಾ ಬಾಣಂತನಕ್ಕ. ಒಬ್ಬಾಕಿನಾ ಬಾ." ಬಿಸಿಲು ಇಳಿದ ಮೇಲೆ ಹೊರಟಳು. ಕೌದಿಯನ್ನು ಕಿತ್ತಳೆ ಹೊಲಿಗೆ ಒಳಗಾಗುವಂತೆ ಮಡಚಿ ಚೀಲಕ್ಕಿಟ್ಟುಕೊಂಡಳು. ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಬಸ್‌ಸ್ಟ್ಯಾಂಡಿನಲ್ಲಿ ಆಸಿಂ ಅಕ್ಕನಿಗೆ ಕಿಟಕಿಯ ಸೀಟು ಹಿಡಿದುಕೊಟ್ಟ. ಕುರುಗೋಡಿನ ಬಸ್ಸು ಧೂಳೆಬ್ಬಿಸಿಕೊಂಡು ತಿರುವು ದಾಟಿದ ಮೇಲೆ, ಫೋನು ತೆಗೆದು ಅಜೀಮ್‌ನ ನಂಬರು ಒತ್ತಿದ. ಆಪಾ ಬಸ್ಸು ಹತ್ಯಾಳ ಎಂದು ಹೇಳಬೇಕಿತ್ತು. ಇನ್ನೊಂದು ಮಾತೂ ಇತ್ತು, ಒಂದು ವರ್ಷದಿಂದ ಗಂಟಲಲ್ಲಿ ಕುಳಿತದ್ದು: ಭಾವಾ, ತಪ್ಪಾಯ್ತು.

ರಿಂಗಾಯಿತು. ಹೆಂಡತಿ ಊರಲ್ಲಿಲ್ಲವೆಂದೋ ಏನೋ, ಅವತ್ತು ಅಜೀಮ್ ಫೋನು ಎತ್ತಿದ. ಹಲೋ ಎನ್ನಲಿಲ್ಲ. ಕಬ್ಬಿಣ ಉಜ್ಜುವ ಸದ್ದು ಕೇಳುತ್ತಿತ್ತು, ಅದು ನಿಂತಿತು. ಆಮೇಲೆ ಉಸಿರು ಮಾತ್ರ.

ಊರಿನವರ ದನಿಗಳೆಲ್ಲ ಬಂದುಹೋದ ಗಂಟಲು. ಅದರಲ್ಲಿ ತನ್ನದನ್ನು ಹುಡುಕಿದ ಆಸಿಂ. ತುಟಿಗಳು ಅವನು ಬೇಡವೆಂದರೂ ಒಂದಕ್ಕೊಂದು ಅಂಟಿಕೊಂಡವು.

"ಭ… ಭ… ಭಾ…"

ಆ ಕಡೆಯ ಉಸಿರು ನಿಂತಿತು.

"ಇಲ್ಲ, ಇಲ್ಲ, ನಾನು ಬ… ಬೇಕಂತ…"

ಫೋನು ಕಟ್ಟಾಯಿತು. ಮತ್ತೆ ಹಚ್ಚಿದ. ಸ್ವಿಚ್ ಆಫ್ ಎಂದು ಹೆಣ್ಣು ದನಿಯೊಂದು ಕನ್ನಡದಲ್ಲಿ ಸ್ಪಷ್ಟವಾಗಿ, ಎಲ್ಲೂ ತಡವರಿಸದೆ ಹೇಳಿತು.

ಮನೆಗೆ ಬಂದಾಗ ಮಾಬುಬೀ ಕಟ್ಟೆಯ ಮೇಲೆ ಕುಳಿತು ರೊಟ್ಟಿಗೆ ಮುತ್ತಿದ ಇರುವೆಗಳನ್ನು ಒಂದೊಂದಾಗಿ ಊದುತ್ತಿದ್ದಳು.

"ಸೀಟು ಸಿಕ್ತಾ?"

ಆಸಿಂ ತಲೆಯಾಡಿಸಿದ.

"ಅಜೀಮ್‌ಗ ಫೋನ್ ಮಾಡಿದ್ಯಾ? ಏನಂದ?"

ಆಸಿಂ ಬಾಯಿ ತೆರೆದ. ಮುಚ್ಚಿದ. ಏನೂ ಇಲ್ಲ ಎಂಬಂತೆ ಕೈಯನ್ನಷ್ಟೇ ಆಡಿಸಿ, ಒಳಗೆ ಹೋಗಿ ಮಷೀನಿನ ಸ್ವಿಚ್ಚು ಹಾಕಿದ.